ಮೂರು ಕವಡೆ, ಒಂದು ಹುಣಸೆಬೀಜ

ಕಳೆದ ದೀಪಾವಳಿಗೆ ಎರಡು ದಿನ ಮುಂಚೆ ಜರ್ಮನಿಯಿಂದ ಒಂದು ಇಮೇಲ್ ಬಂತು. ಬರೆದವರ ಪರಿಚಯ ನನಗಿಲ್ಲ. ಸ್ಟುಟ್‌ಗಾರ್ಟ್ ಹತ್ತಿರದ ಕಾಡಿನಲ್ಲಿ ತಾವು ಬಚ್ಚಿಟ್ಟಿರುವ ಡಬ್ಬಿಯನ್ನು ತೆರೆದು ನೋಡಿದ್ದಾಗಿಯೂ ನಮ್ಮ ಬಿಲ್ಲೆ ಅದರಲ್ಲಿ ಇರಲಿಲ್ಲವೆಂದೂ ಬೇಸರಪಟ್ಟುಕೊಂಡು ಬರೆದಿದ್ದರು. ಆ ಬಿಲ್ಲೆಗೆ ನಮ್ಮಮ್ಮನ ಕವಡೆಯೊಂದನ್ನು ಕಟ್ಟಿದ್ದೆವು.

ಜಿಯೋಕ್ಯಾಷಿಂಗ್ ಗೊತ್ತಿಲ್ಲದವರಿಗೆ ಎರಡು ಮಾತು. ಸಾಮಾನ್ಯ ಜನರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಅಮೆರಿಕ ಬೇಕೆಂದೇ ಮಸುಕು ಮಾಡಿಟ್ಟಿತ್ತು. 2000ದ ಮೇ 2ರಂದು ಆ ಮಸುಕನ್ನು ತೆಗೆಯಿತು. ಮರುದಿನವೇ ಡೇವ್ ಅಲ್ಮರ್ ಎಂಬಾತ ಆರೆಗಾನ್ ರಾಜ್ಯದ ಕಾಡಿನಲ್ಲಿ ಒಂದು ಬಕೆಟ್ ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಇಂಟರ್ನೆಟ್ಟಿನಲ್ಲಿ ಹಾಕಿ, ಹುಡುಕಿ ನೋಡಿ ಎಂದ. ಆಟ ಅಲ್ಲಿಂದ ಶುರು. ಡಬ್ಬಿ ಸಿಕ್ಕವರು ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಇದ್ದ ಜಾಗದಲ್ಲೇ ಮತ್ತೆ ಇಡಬೇಕು.

ಇದರಲ್ಲಿ ಟ್ರಾವೆಲ್ ಬಗ್ ಎಂಬುದೊಂದಿದೆ. ನಾಯಿಯ ಕೊರಳಪಟ್ಟಿಯ ಬಿಲ್ಲೆಯಂಥ ಲೋಹದ ತುಂಡು, ಮೇಲೆ ಗುಟ್ಟಿನ ಸಂಕೇತ. ಅದಕ್ಕೆ ಒಂದು ಸಣ್ಣ ವಸ್ತು ಕಟ್ಟಿ ಡಬ್ಬಿಯಲ್ಲಿ ಬಿಟ್ಟರೆ, ಸಿಕ್ಕವರು ಒಯ್ದು ಇನ್ನೊಂದು ಡಬ್ಬಿಗೆ ಹಾಕುತ್ತಾರೆ. ಸಂಕೇತವನ್ನು ದಾಖಲಿಸಿದರೆ ಅದು ಎಲ್ಲಿದೆ, ಎಷ್ಟು ದೂರ ಹೋಯಿತು ಎಂದು ಒಡೆಯನಿಗೆ ಗೊತ್ತಾಗುತ್ತದೆ. ಮಂಗಳ ಗ್ರಹಕ್ಕೂ ಇಂಥದೊಂದು ಸಂಕೇತ ಹೋಗಿದೆ. 2021ರ ಫೆಬ್ರವರಿಯಲ್ಲಿ ಅಲ್ಲಿ ಇಳಿದ ಪರ್ಸೆವೆರೆನ್ಸ್ ರೋವರ್ ಮೇಲಿನ ಒಂದು ಪುಟ್ಟ ಬಿಲ್ಲೆಯಲ್ಲಿ ಅದು ಇದೆ. ನನ್ನ ಹನ್ನೊಂದು ವರ್ಷದ ಮಗಳಿಗೆ ಹುಚ್ಚು ಹಿಡಿದದ್ದು ಆ ಸುದ್ದಿ ಓದಿಯೇ.

ನಾವೂ ಒಂದು ಬಿಲ್ಲೆ ತರಿಸಿದೆವು. ಏನು ಕಟ್ಟುವುದು? ಅರಸೀಕೆರೆಯ ಮನೆ ಮಾರಿದಾಗ ಅಮ್ಮ ಕೊಟ್ಟಿದ್ದ ಚೌಕಾಬಾರದ ಗಂಟು ಪುಣೆಯ ನಮ್ಮ ಫ್ಲ್ಯಾಟಿನ ಅಟ್ಟದಲ್ಲಿತ್ತು. ಅದರಲ್ಲಿ ನಾಲ್ಕು ಕವಡೆ. ಅಮ್ಮನಿಗೆ ಅವರಮ್ಮ ಕೊಟ್ಟದ್ದು. ಒಂದನ್ನು ಮಗಳು ಆರಿಸಿದಳು. ಅದಕ್ಕೆ ಡ್ರಿಲ್ಲಿನಲ್ಲಿ ತೂತು ಕೊರೆದವನು ನಾನೇ. ಅಮ್ಮನನ್ನು ಕೇಳಬೇಕು ಅನ್ನಿಸಲಿಲ್ಲ. ಹೇಳಿದ್ದು ಕೊರೆದ ಮೇಲೆ. ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗಿ ಬರಲಿ ಬಿಡು" ಅಂದರು.

ಪುಣೆಯ ಹೊರಗಿನ ಗುಡ್ಡದ ಡಬ್ಬಿಯಲ್ಲಿ ಬಿಟ್ಟೆವು. ಮೂರು ತಿಂಗಳು ಅಲ್ಲೇ ಇತ್ತು. ಆಮೇಲೆ ಕೆಲಸಕ್ಕೆಂದು ಬಂದಿದ್ದ ಯಾರೋ ಜರ್ಮನ್ ಒಯ್ದು ತಮ್ಮೂರಿನ ಕಾಡಿಗೆ ಹಾಕಿದರು. ಪುಟದಲ್ಲಿ 6,600 ಕಿಲೋಮೀಟರಿಗೂ ಹೆಚ್ಚು ಎಂದು ಬಂತು. ಅಮ್ಮನ ಸಂಭ್ರಮ ನೋಡಬೇಕಿತ್ತು. ಸ್ವತಃ ಒಮ್ಮೆಯೂ ವಿಮಾನ ಹತ್ತದವರು ಎದುರುಮನೆಯವರಿಗೆಲ್ಲ "ನಮ್ಮ ಕವಡೆ ಫಾರಿನ್ನಿಗೆ ಹೋಗಿದೆ" ಎಂದು ಹೇಳಿಕೊಂಡು ಬಂದರು.

ಅದಾದ ಮೇಲೆ ಈ ಇಮೇಲ್.

ಬಿಲ್ಲೆಗಳು ಕಳೆಯುವುದು ಈ ಆಟದಲ್ಲಿ ಮಾಮೂಲು. ಹೊಸಬರು ಉಡುಗೊರೆ ಅಂದುಕೊಂಡು ಇಟ್ಟುಕೊಳ್ಳುತ್ತಾರೆ. ಕೆಲವರು ಜೇಬಿಗೆ ಹಾಕಿಕೊಂಡು ಮರೆಯುತ್ತಾರೆ, ಆಟವನ್ನೇ ಬಿಟ್ಟುಬಿಡುತ್ತಾರೆ. ಮಳೆಗೆ ಡಬ್ಬಿಯೇ ಕೊಚ್ಚಿಹೋಗುವುದೂ ಉಂಟು. ಹೆಚ್ಚಿನ ಸಲ ಕಳ್ಳತನವೇನೂ ಇರುವುದಿಲ್ಲ, ಬರೀ ಮರೆವು. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಅಮ್ಮ "ಈಗ ಎಲ್ಲಿದ್ಯೋ ಅದು?" ಎಂದು ಕೇಳಿದಾಗ "ಪ್ಯಾರಿಸ್‌ನಲ್ಲಮ್ಮ" ಅಂದುಬಿಟ್ಟೆ. ಮುಂದಿನ ತಿಂಗಳು ಸ್ವಿಟ್ಜರ್ಲೆಂಡ್. ಸಂಕ್ರಾಂತಿ ಹೊತ್ತಿಗೆ ಕವಡೆ ಇಟಲಿಗೆ ಬಂದಿತ್ತು. ಮನೆ ಮಾರಿಸಿದ ಮಗನಿಗೆ ಒಂದು ಕವಡೆಯನ್ನೂ ಉಳಿಸಲಾಗಲಿಲ್ಲ ಎಂದು ಹೇಳುವುದಕ್ಕಿಂತ ಇಟಲಿಯೇ ಹತ್ತಿರವಾಗಿ ಕಂಡಿತು.

ಒಡೆಯನ ಪುಟದಲ್ಲಿ 'ಕಾಣೆಯಾಗಿದೆ' ಎಂದು ಗುರುತು ಹಾಕುವ ಸೌಲಭ್ಯವಿದೆ. ನಾನು ಹಾಕಿರಲಿಲ್ಲ. ಹಾಗಾಗಿ ಕವಡೆ ಇನ್ನೂ ಆ ಡಬ್ಬಿಯಲ್ಲೇ ಇದೆ ಎಂದು ಪುಟ ತೋರಿಸುತ್ತಿತ್ತು.

ಯುಗಾದಿಗೆ ಅಮ್ಮ ಪುಣೆಗೆ ಬಂದರು, ಜೊತೆಗೆ ಹೊಸ ಹುಣಸೆಹಣ್ಣಿನ ಚೀಲ. ಒಂದು ಮಧ್ಯಾಹ್ನ ಬಾಲ್ಕನಿಯಲ್ಲಿ ಕೂತು ಬೀಜ ಬಿಡಿಸುತ್ತಿದ್ದರು. ಮಗಳು ಫೋನ್ ಹಿಡಿದು ಬಂದಳು. "ಅಪ್ಪಾ, ಇದನ್ನ ಓದು." ಆ ಡಬ್ಬಿಯ ಪುಟದಲ್ಲಿ ಯಾರೋ ಹೊಸದಾಗಿ ಬರೆದಿದ್ದರು. ಇಂಡಿಯಾದ ಕವಡೆ ನೋಡಬೇಕೆಂದು ಮಗನನ್ನು ಕರೆದುಕೊಂಡು ಕೆಸರಿನಲ್ಲಿ ನಡೆದು ಬಂದೆವು, ಡಬ್ಬಿಯಲ್ಲಿ ಇರಲಿಲ್ಲ, ಹುಡುಗ ಅತ್ತ.

"ಇಟಲಿ ಅಂದಿದ್ಯಲ್ಲ?" ಅಂದರು ಅಮ್ಮ.

ನಾನು ಎಲ್ಲ ಹೇಳಿದೆ. ಅಮ್ಮ ಬೀಜ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಬಹಳ ಹೊತ್ತಿನ ಮೇಲೆ, "ನನಗೇನೋ ಸುಳ್ಳು ಹೇಳ್ದೆ, ಸರಿ. ಆ ಮಗು ಏನು ಮಾಡಿತ್ತು ನಿನಗೆ?" ಅಂದರು.

ಅದುವರೆಗೆ ನನಗೆ ಹೊಳೆದಿರಲಿಲ್ಲ. ಕಳೆದಿದೆ ಎಂದು ಒಪ್ಪಿಕೊಂಡರೆ ಕವಡೆಯ ಕೈ ಬಿಟ್ಟಂತೆ ಎಂದು ನಾನು ತಿಳಿದಿದ್ದೆ. ಆ ಗುರುತು ಇರುವುದು ಒಡೆಯನ ಸಮಾಧಾನಕ್ಕಲ್ಲ, ಇನ್ನೂ ಹುಡುಕಿಕೊಂಡು ಬರುವವರಿಗೆ. ನನ್ನ ಮುಜುಗರಕ್ಕೆ ಯಾವುದೋ ಊರಿನ ಹುಡುಗ ಕೆಸರು ತುಳಿದಿದ್ದ.

ಅಂದು ಸಂಜೆ ಮಗಳೇ ಗುರುತು ಹಾಕಿದಳು. ಪುಟದಲ್ಲಿ 'ಅಜ್ಞಾತ ಸ್ಥಳ' ಎಂಬರ್ಥದ ಮಾತು ಬಂತು. ಆದರೆ ಸಂಕೇತ ಸಾಯುವುದಿಲ್ಲ. ನಾಳೆ ಯಾರದೋ ಡ್ರಾಯರಿನಲ್ಲಿ ಸಿಕ್ಕಿ, ಅವರು ದಾಖಲಿಸಿದರೆ, ಕವಡೆ ಮತ್ತೆ ಆಟಕ್ಕೆ ಬರುತ್ತದೆ. ಇದನ್ನು ಮಗಳು ಅಜ್ಜಿಗೆ ಮೂರು ಸಲ ವಿವರಿಸಿದಳು.

ಅಮ್ಮ ದಪ್ಪನೆಯ ಒಂದು ಹುಣಸೆಬೀಜ ಆರಿಸಿ, ಬಾಲ್ಕನಿಯ ಒರಟು ಸಿಮೆಂಟಿಗೆ ಒಂದು ಮಗ್ಗುಲು ಬೆಳ್ಳಗಾಗುವ ತನಕ ಉಜ್ಜಿದರು. ಸೀಮೆಸುಣ್ಣದಲ್ಲಿ ನೆಲದ ಮೇಲೆ ಮನೆ ಬರೆದರು. ಮೂರು ಕವಡೆ, ಒಂದು ಹುಣಸೆಬೀಜ. ಕವಡೆ ಬಿದ್ದರೆ ಟಣ್ ಅನ್ನುತ್ತದೆ, ಬೀಜ ಸದ್ದು ಮಾಡುವುದಿಲ್ಲ. ಲೆಕ್ಕ ಮಾತ್ರ ಕೆಡಲಿಲ್ಲ. ಮೊದಲ ಕಾಯಿ ಹಣ್ಣಾದದ್ದು ಅಮ್ಮನದೇ.

ಊರಿಗೆ ಹೋದ ಮೇಲೂ ಅಮ್ಮ ಫೋನಿನಲ್ಲಿ ಒಮ್ಮೊಮ್ಮೆ ಕೇಳುತ್ತಾರೆ, "ಏನಾದ್ರೂ ಗೊತ್ತಾಯ್ತಾ?"

"ಇಲ್ಲಮ್ಮ" ಅನ್ನುತ್ತೇನೆ. "ಸರಿ" ಅನ್ನುತ್ತಾರೆ. ಆಮೇಲೆ ಮಳೆಯ ವಿಷಯ ಮಾತಾಡುತ್ತೇವೆ.