ಸಂಬಂಧಪಟ್ಟವರು

ಅಪ್ಪ ಪತ್ರಿಕೆಗೆ ಬರೆದ ಕಾಗದಗಳೆಲ್ಲ ಒಂದೇ ಸಾಲಿನಲ್ಲಿ ಮುಗಿಯುತ್ತಿದ್ದವು: ‘ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?’ ಈ ಸಂಬಂಧಪಟ್ಟವರು ನಮ್ಮ ದೂರದ ನೆಂಟರಿರಬೇಕೆಂದು ನಾನು ಬಹಳ ಕಾಲ ನಂಬಿದ್ದೆ. ಮದುವೆ ಮುಂಜಿಗೆ ಬಾರದ, ಕಾಗದ ಹಾಕಿದರೆ ಉತ್ತರವನ್ನೂ ಕೊಡದ ನೆಂಟರು. ಆದರೂ ಅಪ್ಪ ತಿಂಗಳಿಗೆ ನಾಲ್ಕು ಸಲ ಅವರನ್ನು ಕೂಗುವುದು ಬಿಡಲಿಲ್ಲ.

ಅಪ್ಪ ಬಂಗಾರಪೇಟೆಯಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರು. ಹಳೆ ಬಿಸ್ಕತ್ತಿನ ಡಬ್ಬದಲ್ಲಿ ಪೋಸ್ಟ್ ಕಾರ್ಡುಗಳ ಕಟ್ಟು ಸದಾ ಇರುತ್ತಿತ್ತು. ಮನೆಯಲ್ಲಿ ಸಕ್ಕರೆ ಮುಗಿದದ್ದುಂಟು, ಕಾರ್ಡು ಮುಗಿದದ್ದಿಲ್ಲ. ‘ಪ್ರಜಾವಾಣಿ’ ಓದುಗರ ಕಾಗದಗಳಿಗೆ ‘ವಾಚಕರ ವಾಣಿ’ ಎಂದು ಹೆಸರಿಟ್ಟುಕೊಂಡಿತ್ತು, ಮಿಕ್ಕ ಪತ್ರಿಕೆಗಳು ತಮತಮಗೆ ತೋಚಿದ್ದನ್ನು ಇಟ್ಟುಕೊಂಡಿದ್ದವು. ಅಪ್ಪನಿಗೆ ಯಾರಲ್ಲೂ ಭೇದವಿರಲಿಲ್ಲ. ವಿಷಯಗಳನ್ನು ಮಾತ್ರ ನಾಲ್ಕು ಖಾನೆ ಮಾಡಿದ್ದರು: ಶಿಕ್ಷಣ, ಉದ್ಯೋಗ, ರಾಜಕೀಯ, ಆರ್ಥಿಕ. ಕಾರ್ಡಿನ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಶಿ, ಉ, ರಾ, ಆ ಎಂದು ಗುರುತು ಹಾಕುವರು. ಪತ್ರಿಕೆಯವರಿಗೆ ಅನುಕೂಲವಾಗಲಿ ಎಂದು.

ಒಮ್ಮೆ ನಮ್ಮ ಬೀದಿಯ ದೀಪ ಎರಡು ತಿಂಗಳು ಉರಿಯಲಿಲ್ಲ. ಅಪ್ಪ ಕಾರ್ಡು ತೆಗೆದರು. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟು ತಂದದ್ದು, ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ ಎನ್ನುವುದು, ಆಮೇಲೆ ದಿವಾನ್ ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿ. ಇಷ್ಟಾಗುವಾಗ ಕಾರ್ಡು ಮುಗಿಯಿತು. ಬಲ್ಬಿನ ಸಂಗತಿಯನ್ನು ಅಂಚಿನಲ್ಲಿ ಇರುವೆ ಸಾಲಿನಂತೆ ಅಡ್ಡಡ್ಡ ಬರೆದರು. ವಾರದ ಮೇಲೆ ಅಚ್ಚಾಗಿ ಬಂದದ್ದು ಆ ಇರುವೆ ಸಾಲು ಮಾತ್ರ. ‘ಕಾವೇರಿಯನ್ನು ಕತ್ತರಿಸಿ ಬಲ್ಬು ಉಳಿಸಿದ್ದಾರೆ’ ಎಂದು ಅಪ್ಪ ಊಟ ಬಿಟ್ಟು ಎದ್ದರು. ದೀಪವೂ ಉರಿಯಲಿಲ್ಲ, ಅದು ಬೇರೆ ಮಾತು.

ಆ ಕಾರ್ಡುಗಳಲ್ಲಿ ಅರ್ಧಕ್ಕರ್ಧ ಅಪ್ಪನವಲ್ಲ, ಮಾಮನವು. ಮಾಮ ಎಂದರೆ ರಕ್ತಸಂಬಂಧಿಯಲ್ಲ. ಅದೇ ಚಿನ್ನದ ಗಣಿಯೂರಿನ ಮಾರಿಕುಪ್ಪಂನ ಲೈನು ಮನೆಯವರು, ಅಲ್ಲಿನ ಚಾಂಪಿಯನ್ ರೀಫ್ ಗಣಿಯಲ್ಲಿ ಇಳಿಯುವವರು. ನೆಲದೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಹೋದ ಗಣಿ ಅದು. ಮನೆಮಾತು ತಮಿಳು. ಕನ್ನಡ ನಿರರ್ಗಳವಾಗಿ ಆಡುವರು, ಬರೆಯಲು ಮಾತ್ರ ಬಾರದು. ಅವರ ಮಗನಿಗೆ ಅಪ್ಪ ಭಾನುವಾರ ಕನ್ನಡ ಹೇಳಿಕೊಡುತ್ತಿದ್ದರು. ಫೀಸಿನ ಬದಲು ಮಾಮ ಅಭಿಪ್ರಾಯ ತಂದು ಕೊಡುತ್ತಿದ್ದರು. ಮಾರಿಕುಪ್ಪಂ, ಚಾಂಪಿಯನ್, ಊರಗಾಂ, ಕೋರಮಂಡಲ್ ಎಂದು ನಿಂತು ನಿಂತು ಬರುವ ಆ ರೈಲಿನಲ್ಲಿ ಒಂದೇ ಪೇಪರು ಹಾಳೆ ಹಾಳೆಯಾಗಿ ಬೋಗಿಯೆಲ್ಲ ಸುತ್ತುತ್ತಿತ್ತು. ಬಂಗಾರಪೇಟೆಯಲ್ಲಿ ಇಳಿಯುವಷ್ಟರಲ್ಲಿ ಮಾಮನ ತಲೆಯಲ್ಲಿ ಹತ್ತು ಜನರ ವಾದ ಕುದಿಯುತ್ತಿತ್ತು. ಅವರು ಹೇಳುವುದು, ಅಪ್ಪ ಬರೆಯುವುದು, ಕೆಳಗೆ ಮಾಮ ತಮಿಳಿನಲ್ಲಿ ಸಹಿ ಹಾಕುವುದು.

1982ರ ಗೋಕಾಕ್ ಚಳವಳಿಯ ಕಾಲದಲ್ಲಿ ಈ ವ್ಯವಸ್ಥೆ ಕೊಂಚ ಬಿಗಡಾಯಿಸಿತು. ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಲಿ ಎಂದು ಅಪ್ಪ, ಮನೆಮಾತಿನಲ್ಲಿ ಓದುವ ಗಣಿ ಮಕ್ಕಳ ಗತಿಯೇನು ಎಂದು ಮಾಮ. ಜಗುಲಿಯ ಮೇಲೆ ಮಧ್ಯಾಹ್ನವೆಲ್ಲ ಜಗಳ. ಅಮ್ಮ ಎರಡು ಸಲ ಕಾಫಿ ಇಟ್ಟಳು, ಮೂರನೇ ಸಲ ಇಡಲಿಲ್ಲ. ಕೊನೆಗೆ ಅಪ್ಪ ತಮ್ಮ ಪರವಾಗಿ ಒಂದು ಕಾರ್ಡು ಬರೆದು, ಮಾಮನ ಪರವಾಗಿ ಅದಕ್ಕೆ ಖಂಡನೆಯನ್ನೂ ಬರೆದರು. ಮೇಷ್ಟ್ರ ಪ್ರಾಮಾಣಿಕತೆ ನೋಡಿ, ಖಂಡನೆಯೇ ಹೆಚ್ಚು ಚೆನ್ನಾಗಿತ್ತು. ಒಂದೇ ಕೈಬರಹ, ಒಂದೇ ಅಂಚೆ ಮುದ್ರೆ, ಎರಡು ಕಡುವಿರೋಧಿ ಅಭಿಪ್ರಾಯ. ಎರಡೂ ಅಚ್ಚಾಗಲಿಲ್ಲ. ಆದರೆ ಮಾಮನ ಮಗ ಭಾನುವಾರದ ಪಾಠಕ್ಕೆ ಬರುವುದು ನಿಲ್ಲಲಿಲ್ಲ.

ಸಹಿಯ ಜಾಗದಲ್ಲಿ ಅಪ್ಪನ ಹೆಸರನ್ನೇ ಹಾಕಿಬಿಡಿ, ಬೇಗ ಅಚ್ಚಾಗುತ್ತದೆ ಎಂದು ಯಾರೋ ಸಲಹೆ ಕೊಟ್ಟರೆ ಮಾಮ ಕೆರಳುತ್ತಿದ್ದರು. 1930ರಲ್ಲಿ ಗಣಿ ಕೂಲಿಗಳೆಲ್ಲ ಹೆಬ್ಬೆಟ್ಟು ಒತ್ತಿ ದಾಖಲಾಗಬೇಕೆಂದು ಹುಕುಂ ಬಂದಾಗ ಸಾವಿರಾರು ಜನ ಕೆಲಸ ನಿಲ್ಲಿಸಿದ್ದರು. ಮಾಮನ ತಾತನೂ ಅವರಲ್ಲೊಬ್ಬರು. ‘ಕಳ್ಳರ ಹಾಗೆ ಬೆರಳು ಕೊಡೋಲ್ಲ ಅಂದವರು ಮೇಷ್ಟ್ರೇ ಅವರು. ನಾನು ಕೈ ಇಟ್ಟುಕೊಂಡು ನಿಮ್ಮ ಹೆಸರಲ್ಲಿ ಮಾತಾಡಲಾ?’

ಪತ್ರಿಕೆಯ ವಿಷಯದಲ್ಲೂ ಮಾಮ ನಮಗಿಂತ ಹಳಬರು. ಪಂಡಿತ ಅಯೋತಿದಾಸರು 1907ರಲ್ಲಿ ಮದ್ರಾಸಿನ ರಾಯಪೇಟೆಯಿಂದ ‘ಒರು ಪೈಸಾ ತಮಿಳನ್’ ಎಂಬ ವಾರಪತ್ರಿಕೆ ಹೊರಡಿಸಿದರು. ಒಂದು ಪೈಸೆಯ ಪತ್ರಿಕೆ. ವರ್ಷದ ಮೇಲೆ ಓದುಗರೇ ಕೇಳಿಕೊಂಡು ಆ ‘ಒರು ಪೈಸಾ’ವನ್ನು ಹೆಸರಿನಿಂದ ತೆಗೆಸಿದರು. ಪಂಡಿತರು ಬೆಳೆಸಿದ ಬೌದ್ಧ ಸಂಘಕ್ಕೆ ಮಾರಿಕುಪ್ಪಂನಲ್ಲೂ ಶಾಖೆಯಿತ್ತು. 1914ರಲ್ಲಿ ಅವರು ತೀರಿಕೊಂಡು, ಮುಂದೆ ಪತ್ರಿಕೆಯೂ ನಿಂತುಹೋದ ಮೇಲೆ, 1926ರಲ್ಲಿ ಜಿ. ಅಪ್ಪಾದುರೈ ಅದನ್ನು ಗಣಿಯೂರಿನಿಂದಲೇ ಮತ್ತೆ ಎಬ್ಬಿಸಿದರು. ಪಾಳಿ ಮುಗಿಸಿ ಬಂದವರಿಗೆ ಅಕ್ಷರ ಬಲ್ಲವನೊಬ್ಬ ಅದನ್ನು ಓದಿ ಹೇಳುತ್ತಿದ್ದನಂತೆ. ಇದನ್ನು ಕೇಳಿದ ಅಪ್ಪನಿಗೆ ಸೋಲಲು ಮನಸ್ಸಾಗಲಿಲ್ಲ. 1908ರಲ್ಲಿ ಮೈಸೂರು ಸರ್ಕಾರ ಪತ್ರಿಕಾ ಕಾನೂನು ತಂದಾಗ ತಾತಯ್ಯ ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದ ಕಥೆ ತೆಗೆದರು. ‘ನಿಮ್ಮವರು ನಿಲ್ಲಿಸಿದರು, ನಮ್ಮವರು ಶುರುಮಾಡಿದರು’ ಎಂದು ಮಾಮ ಪಾನಿಪುರಿ ತರಲು ಎದ್ದರು. ಬಂಗಾರಪೇಟೆಯ ಪಾನಿಪುರಿಯ ಪಾನಿ ನೀರಿನಷ್ಟೇ ತಿಳಿಯಾಗಿರುತ್ತದೆ, ಖಾರ ನಾಲಗೆಗೆ ತಗಲಿದ ಮೇಲೆಯೇ ಗೊತ್ತಾಗುವುದು. ಮಾಮನ ಮಾತೂ ಹಾಗೆಯೇ.

ರಾಜಕೀಯದ ಖಾನೆಯಲ್ಲಿ ಅಪ್ಪನಿಗೆ ಗಣಿಯೂರು ಅರ್ಥವಾಗಲೇ ಇಲ್ಲ. ಕಮ್ಯುನಿಸ್ಟರನ್ನು, ರಿಪಬ್ಲಿಕನ್ ಪಾರ್ಟಿಯವರನ್ನು, ಅಣ್ಣಾ ಡಿಎಂಕೆಯವರನ್ನೂ ವಿಧಾನಸಭೆಗೆ ಕಳಿಸಿದ ಊರು. ‘ಇವರಿಗೆಲ್ಲ ವೋಟು ಯಾಕೆ ಹಾಕಿದಿರಿ?’ ಎಂದರೆ ಮಾಮ, ‘ಕೇಳಲು ಅವರೇ ಬಂದರಲ್ಲ, ಅದಕ್ಕೆ’ ಎನ್ನುತ್ತಿದ್ದರು.

ಆರ್ಥಿಕ ಖಾನೆ ಕೊನೆಗೆ ತುಂಬಿತು. 120 ವರ್ಷದಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ಗಣಿಯಲ್ಲಿ ಅದನ್ನು ತೆಗೆಯುವ ಖರ್ಚೇ ಅದರ ಬೆಲೆಯನ್ನು ಮೀರಿತ್ತು. 2001ರ ಫೆಬ್ರವರಿ 28ರಂದು ಮುಚ್ಚಿದರು. ಅಷ್ಟರಲ್ಲಿ ನಾನು ಬೆಂಗಳೂರಿಗೆ ಓಡಾಡುವ ಕೆಲಸ ಹಿಡಿದಿದ್ದೆ. ನಸುಕಿನ ರೈಲಿನಲ್ಲಿ ನೋಡಿದರೆ, ನಿನ್ನೆಯವರೆಗೆ ಭೂಮಿಯೊಳಗೆ ಇಳಿಯುತ್ತಿದ್ದ ಗಂಡಸರು ಸೆಕ್ಯೂರಿಟಿ ಕೆಲಸದ ನೀಲಿ ಅಂಗಿ ತೊಟ್ಟು ಕುಳಿತಿದ್ದರು. ಪೇಪರು ಮಾತ್ರ ಮೊದಲಿನಂತೆ ಹಾಳೆ ಹಾಳೆಯಾಗಿ ಕೈ ಬದಲಾಗುತ್ತಿತ್ತು.

ಆ ಮಾರ್ಚಿನಲ್ಲಿ ಮಾಮ ಬಂದರು. ಪರಿಹಾರದ ವಿಷಯ ಬರೆಸುತ್ತಾರೆಂದು ಅಪ್ಪ ಕೆಂಪು ಶಾಯಿಯಲ್ಲಿ ‘ಆ’ ಹಾಕಿಯೇ ಕುಳಿತಿದ್ದರು. ಮಾಮ ಬರೆಸಿದ್ದು ಸಂಗಿನ ವಿಷಯ. ಸಂಗು ಎಂದರೆ ಪಾಳಿ ಬದಲಾಗುವಾಗ ಊದುವ ಸೈರನ್. ಗಣಿ ಮುಚ್ಚಿದರೂ ಸಂಗು ಊದಲಿ, ಅದನ್ನು ನಂಬಿ ಒಲೆ ಹಚ್ಚುವ ಹೆಂಗಸರಿದ್ದಾರೆ, ಸ್ಕೂಲಿಗೆ ಹೊರಡುವ ಮಕ್ಕಳಿದ್ದಾರೆ. ಅಪ್ಪ ಸ್ವಲ್ಪ ಹೊತ್ತು ಮೂಲೆಯ ‘ಆ’ವನ್ನೇ ನೋಡುತ್ತಿದ್ದು, ಅದನ್ನು ಹೊಡೆದು ಹಾಕಿ ಬೇರೇನೂ ಬರೆಯಲಿಲ್ಲ. ಇತಿಹಾಸವನ್ನೂ ಬರೆಯಲಿಲ್ಲ. ನಾಲ್ಕೇ ಸಾಲು. ಸಂಬಂಧಪಟ್ಟವರನ್ನು ಕರೆಯಲು ಹೊರಟಾಗ ಮಾಮ ತಡೆದರು: ‘ಅವರು ಬೇಡ ಮೇಷ್ಟ್ರೇ. ಸಂಬಂಧ ಮುಗೀತಲ್ಲ.’

ಒಂದಕ್ಷರವೂ ಕತ್ತರಿಸದೆ ಅಚ್ಚಾಯಿತು, ಮಾಮನದೇ ಹೆಸರಿನಲ್ಲಿ. ಆದರೆ ಕಾರ್ಡು ಹಾಕಿದ್ದು ಇಲ್ಲಿಂದಾದ್ದರಿಂದ ಹೆಸರಿನ ಪಕ್ಕದಲ್ಲಿ ಊರು ‘ಬಂಗಾರಪೇಟೆ’ ಎಂದಾಗಿತ್ತು. ಅಪ್ಪ ತಿದ್ದುಪಡಿಗೆ ಕೂಡಲೇ ಇನ್ನೊಂದು ಕಾರ್ಡು ತೆಗೆದರು. ಮಾಮ ಕಾಯಲಿಲ್ಲ. ಅದೇ ದಿನ ಸಂಜೆ ಮಾರಿಕುಪ್ಪಂನಲ್ಲಿ ಇಳಿದು, ಟೀ ಅಂಗಡಿ, ಕ್ಷೌರದಂಗಡಿ, ಯೂನಿಯನ್ ಆಫೀಸು ಎಂದು ಪೇಪರು ತರಿಸುವಲ್ಲೆಲ್ಲ ಹೋಗಿ, ಬಾಲ್‌ಪೆನ್ನಿನಿಂದ ಬಂಗಾರಪೇಟೆಯನ್ನು ಹೊಡೆದು, ತಮಿಳಿನಲ್ಲಿ ದಪ್ಪಗೆ ‘ಮಾರಿಕುಪ್ಪಂ’ ಎಂದು ಬರೆದು ಬಂದರಂತೆ. ಕ್ಷೌರದಂಗಡಿಯಲ್ಲಿ ಆ ಹಾಳೆ ಆಗಲೇ ಒಬ್ಬರ ಕೆನ್ನೆಯ ಸೋಪು ಒರೆಸಿ ಒದ್ದೆಯಾಗಿತ್ತು. ಒಣಗುವವರೆಗೆ ಕುಳಿತಿದ್ದು ಬರೆದರಂತೆ.