ಎರಡು ಯೂರೋದ ಸಿಪಾಯಿ

ಬರ್ಲಿನ್‌ನಲ್ಲಿ ಭಾನುವಾರ ಅಂದರೆ ಅಂಗಡಿಗಳೆಲ್ಲ ಬಂದ್. ಹಿಂದಿನ ದಿನ ಹಾಲು ತರಲು ಮರೆತರೆ ಕಪ್ಪು ಕಾಫಿಯೇ ಗತಿ. ಕೆಲಸಕ್ಕೆಂದು ಇಲ್ಲಿಗೆ ಬಂದ ಹೊಸತರಲ್ಲಿ ಹೊತ್ತು ಹೋಗದೆ ಮೌವರ್‌ಪಾರ್ಕ್ ಸಂತೆಗೆ ಹೋಗಲು ಶುರು ಮಾಡಿದೆ. ಹಿಂದೆ ಬರ್ಲಿನ್ ಗೋಡೆ ಹಾದುಹೋಗಿದ್ದ ಜಾಗ ಅದು. ಈಗ ಅಲ್ಲಿ ಭಾನುವಾರ ಹಳೇ ಸಾಮಾನಿನ ಸಂತೆ. ನೋಡಿದರೆ ನಮ್ಮ ಬೆಂಗಳೂರಿನ ಸಂಡೇ ಬಜಾರ್ ನೆನಪಾಗುತ್ತೆ. ಸವೆದ ಜಾಕೆಟ್ಟು, ಪಿಂಗಾಣಿ ಬಟ್ಟಲು, ಕೆಟ್ಟ ಕ್ಯಾಮೆರಾಗಳ ನಡುವೆ ಶೂ ಡಬ್ಬಗಳಲ್ಲಿ ಒತ್ತೊತ್ತಾಗಿ ತುಂಬಿಟ್ಟ ಪೋಸ್ಟ್‌ಕಾರ್ಡುಗಳು.

ಅವುಗಳಲ್ಲಿ ಎಷ್ಟೋ ಮೊದಲ ಮಹಾಯುದ್ಧದ ಸೈನಿಕರ ಫೋಟೊಗಳು. ಆಗ ಸ್ಟುಡಿಯೋದವರು ಪೋಸ್ಟ್‌ಕಾರ್ಡ್ ಅಳತೆಯ, ಅಂದರೆ ಸುಮಾರು 9×14 ಸೆಂ.ಮೀ. ಕಾಗದದ ಮೇಲೇ ಫೋಟೊ ಪ್ರಿಂಟ್ ಹಾಕಿಕೊಡುತ್ತಿದ್ದರು. ಯುದ್ಧಕ್ಕೆ ಹೊರಟ ಹುಡುಗ ಹೊಸ ಯೂನಿಫಾರ್ಮಿನಲ್ಲಿ ಸ್ಟುಡಿಯೋದ ಪರದೆ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಮನೆಗೆ ಕಳಿಸುತ್ತಿದ್ದ. ಸೈನಿಕರ ಕಾರ್ಡಿಗೆ ಅಂಚೆಚೀಟಿಯೂ ಬೇಕಿರಲಿಲ್ಲ, 'ಫೆಲ್ಡ್‌ಪೋಸ್ಟ್' ಎಂದು ಬರೆದರೆ ಸಾಕಿತ್ತು.

ನಾನು ಕೊಂಡ ಮೊದಲ ಕಾರ್ಡಿನ ಬೆಲೆ ಎರಡು ಯೂರೋ. ಅಗಲ ಕಿವಿಯ ಹುಡುಗ. ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ.

ಲಾಗ್ ಫೈಲ್ ನೋಡಿ ತಪ್ಪು ಹುಡುಕೋದೇ ನಮ್ಮ ಕೆಲಸವಲ್ಲವೇ, ಇದನ್ನೂ ಹಾಗೇ ಓದಲು ಕಲಿತೆ. ತಲೆಯ ಮೇಲೆ ಮೊನೆಯಿರುವ ಚರ್ಮದ ಟೋಪಿ ಇದ್ದರೆ ಯುದ್ಧದ ಮೊದಲ ವರ್ಷಗಳು. ಉಕ್ಕಿನ ಹೆಲ್ಮೆಟ್ ಇದ್ದರೆ 1916 ಅಥವಾ ಆಮೇಲಿನದು. ಭುಜಪಟ್ಟಿಯ ಮೇಲಿನ ಸಂಖ್ಯೆ ರೆಜಿಮೆಂಟಿನದು. ಹಿಂಬದಿ ಸ್ಟುಡಿಯೋದ ಮುದ್ರೆ ಇದ್ದರೆ ಊರೂ ಸಿಗುತ್ತೆ. ಭೂತಗನ್ನಡಿಯಲ್ಲಿ ನೋಡಿದಾಗ ಸಣ್ಣ ಸಣ್ಣ ಚುಕ್ಕೆ ಕಂಡರೆ ಅದು ಪ್ರೆಸ್ಸಿನಲ್ಲಿ ಅಚ್ಚು ಹಾಕಿದ್ದು, ಅಸಲಿ ಫೋಟೊ ಅಲ್ಲ. ಹಳೇ ಫೋಟೊದ ಕಪ್ಪು ಭಾಗಗಳ ಅಂಚಿನಲ್ಲಿ ಎಷ್ಟೋ ಸಲ ಬೆಳ್ಳಿಯ ಹೊಳಪು ಕಾಣುತ್ತೆ.

ಹಿಂದಿನ ಬರಹ ಮಾತ್ರ ಓದಲಾಗಲಿಲ್ಲ. ಆಫೀಸಿನ ಜರ್ಮನ್ ಗೆಳೆಯರಿಗೂ ಬರಲಿಲ್ಲ. ಅದು ಹಳೇ ಮೋಡಿ ಬರಹ, 1941ರಲ್ಲಿ ಶಾಲೆಗಳಲ್ಲಿ ಕಲಿಸೋದನ್ನು ನಿಲ್ಲಿಸಿದರು. ಕೊನೆಗೆ ಕಾರ್ಡು ಮಾರಿದ ಅಜ್ಜಿಯೇ ಕನ್ನಡಕ ಏರಿಸಿಕೊಂಡು ಓದಿದರು: "ಅಮ್ಮಾ, ಆರಾಮಾಗಿದ್ದೇನೆ. ಕಾಲುಚೀಲ ತಲುಪಿತು. ಚಿಂತೆ ಮಾಡಬೇಡ. ನಿನ್ನ ಮಗ." ಹೆಸರಿಲ್ಲ. ಲಕೋಟೆಯೊಳಗೆ ಇಟ್ಟು ಕಳಿಸಿದ್ದಿರಬೇಕು, ವಿಳಾಸವೂ ಇಲ್ಲ. ಅಮ್ಮನಿಗೆ ಬರೆಯುವಾಗ ಹೆಸರು ಯಾಕೆ ಬೇಕು!

ಅವನು ಮನೆಗೆ ವಾಪಸ್ ಹೋದನೋ ಇಲ್ಲವೋ? ಆ ಯುದ್ಧದಲ್ಲಿ ಸುಮಾರು 20 ಲಕ್ಷ ಜರ್ಮನ್ ಸೈನಿಕರು ಸತ್ತರು. ಸತ್ತವರ, ಗಾಯಗೊಂಡವರ ಪಟ್ಟಿಗಳು ಈಗ ಆನ್‌ಲೈನ್‌ನಲ್ಲೇ ಇವೆ, ಆದರೆ ಹುಡುಕಲು ಹೆಸರು ಬೇಕಲ್ಲ. ರೆಜಿಮೆಂಟಿನ ಸಂಖ್ಯೆ ಹಿಡಿದು ಹೊರಟರೆ, ಪ್ರಷ್ಯನ್ ಸೇನೆಯ ದಾಖಲೆಗಳಲ್ಲಿ ಹೆಚ್ಚಿನವು 1945ರ ಏಪ್ರಿಲ್‌ನಲ್ಲಿ ಪಾಟ್ಸ್‌ಡಾಮ್ ಮೇಲೆ ಬಾಂಬು ಬಿದ್ದಾಗ ಸುಟ್ಟುಹೋದವಂತೆ. ಅಲ್ಲಿಗೆ ದಾರಿ ಮುಗಿಯಿತು.

"ಯಾರದೋ ಮನೆಯ ಸತ್ತವರ ಫೋಟೊ ನಿನಗ್ಯಾಕೋ?" ಅಂತ ಅಮ್ಮ ಫೋನಿನಲ್ಲಿ ಕೇಳಿದಾಗ ಏನೋ ಹೇಳಿ ನಕ್ಕುಬಿಟ್ಟೆ. ನಿಜ ಹೇಳಲಿಲ್ಲ.

ನಮ್ಮಜ್ಜಿಯ ಅಣ್ಣ ಎರಡನೇ ಮಹಾಯುದ್ಧದ ಹೊತ್ತಿಗೆ ಮಿಲಿಟರಿ ಸೇರಿದ್ದರಂತೆ. ವಾಪಸ್ ಬರಲಿಲ್ಲ. ಯೂನಿಫಾರ್ಮಿನಲ್ಲಿ ತೆಗೆಸಿದ ಅವರ ಒಂದೇ ಒಂದು ಫೋಟೊ ಅಜ್ಜಿಯ ಟ್ರಂಕಿನಲ್ಲಿತ್ತು. ಇಂಜಿನಿಯರಿಂಗ್ ಎರಡನೇ ವರ್ಷದ ರಜೆಯಲ್ಲಿ ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಆ ಟ್ರಂಕು ಖಾಲಿ ಮಾಡಿದವನು ನಾನೇ. ಗೆದ್ದಲು ಹಿಡಿದ ಕಾಗದದ ಕಟ್ಟು ಅಂತ ಬಿಚ್ಚಿಯೂ ನೋಡದೆ ಬಚ್ಚಲೊಲೆಗೆ ಹಾಕಿದೆ. ಸಂಜೆ ಅಜ್ಜಿ, "ಅಣ್ಣನ ಪಟ ಇತ್ತಲ್ಲ ಮಗಾ, ಎತ್ತಿಟ್ಯಾ?" ಅಂದರು. ನನ್ನ ಮುಖ ನೋಡಿ ಅವರಿಗೆ ಗೊತ್ತಾಯಿತು. ಮತ್ತೆ ಯಾವತ್ತೂ ಕೇಳಲಿಲ್ಲ. ಅಜ್ಜಿ ಈಗಿಲ್ಲ.

ಈಗ ನನ್ನ ಹತ್ತಿರ ಅರವತ್ತು ಚಿಲ್ಲರೆ ಕಾರ್ಡುಗಳಿವೆ. ಗೋಂದು ಹಚ್ಚುವುದಿಲ್ಲ, ಒಂದೊಂದಕ್ಕೂ ಬೇರೆ ಕವರ್. ಅದರಿಂದ ಆ ಪಟ ವಾಪಸ್ ಬರಲ್ಲ, ಗೊತ್ತು. ಕಳೆದ ಸಲ ಊರಿಗೆ ಹೋದಾಗ ಅಮ್ಮನನ್ನು ಕೂರಿಸಿಕೊಂಡು ಉಳಿದ ಹಳೇ ಫೋಟೊಗಳ ಹಿಂದೆ ಯಾರು, ಯಾವ ಊರು ಅಂತ ಪೆನ್ಸಿಲ್ಲಿನಲ್ಲಿ ಬರೆದೆ. ನಾಲ್ಕು ಮುಖಗಳ ಹೆಸರು ಅಮ್ಮನಿಗೂ ಗೊತ್ತಾಗಲಿಲ್ಲ. ಅಜ್ಜಿಗೆ ಗೊತ್ತಿರುತ್ತಿತ್ತು.

ನಿಮ್ಮ ಮನೆಯಲ್ಲೂ ಅಂಥ ಟ್ರಂಕು ಇದ್ದರೆ, ಹೇಳುವವರು ಇರುವಾಗಲೇ ಕೇಳಿ ಬರೆದಿಡಿ.