ಅಜ್ಜನ ಗಡಿಯಾರ ಮತ್ತು ಶುಕ್ರವಾರದ ಬಗ್

ಏನೂ ಬರೆಯದೆ ತುಂಬಾ ದಿನಗಳಾದವು. ಪ್ರಾಜೆಕ್ಟು, ರಿಲೀಸು... ನೆಪಗಳೆಲ್ಲ ಹಳೆಯವೇ ಬಿಡಿ. ಕಳೆದ ತಿಂಗಳು ರಜೆ ಹಾಕಿ ಹತ್ತು ದಿನ ಊರಲ್ಲಿದ್ದೆ. ಊರು ಅಂದರೆ ಸೊರಬದ ಚಂದ್ರಗುತ್ತಿ. ಗುಡ್ಡದ ಮೇಲೆ ಕೋಟೆ, ಕೆಳಗೆ ಗುಹೆಯಲ್ಲಿ ರೇಣುಕಾಂಬೆ ಇರುವ ಊರು.

ನಮ್ಮ ಮನೆಯ ಜಗಲಿಯಲ್ಲಿ ಆಳಿಗಿಂತ ಎತ್ತರದ ಒಂದು ಇಂಗ್ಲಿಷ್ ಗಡಿಯಾರ ಇದೆ. ಚಿಕ್ಕಮಗಳೂರು ಕಡೆ ಯಾವುದೋ ಎಸ್ಟೇಟ್ ಬಂಗಲೆಯ ಸಾಮಾನು ಹರಾಜಾದಾಗ, ಅಡಿಕೆ ಮಾರಿದ ದುಡ್ಡಲ್ಲಿ ಅಜ್ಜ ತಂದಿದ್ದಂತೆ. ಈಗ ಅದರ ಸ್ಥಿತಿ ಕೇಳಬೇಡಿ. ಮಳೆಗಾಲದ ತೇವಕ್ಕೆ ಬುಡ ಮೆತ್ತಗಾಗಿದೆ. ಗೆದ್ದಲು ತಿಂದ ಹಿಂದಿನ ಹಲಗೆಯ ಜಾಗದಲ್ಲಿ ಹಲಸಿನ ಹಲಗೆ ಇದೆ. ಎರಡು ಭಾರದ ಗುಂಡುಗಳಲ್ಲಿ ಒಂದು ಬರುವಾಗಲೇ ಇರಲಿಲ್ಲ, ಬದಲಿಗೆ ತಕ್ಕಡಿಯ ಐದು ಕೆಜಿ ಕಲ್ಲು ನೇತಾಡುತ್ತಿದೆ!

ಅಜ್ಜ ತೀರಿಕೊಂಡು ಮೂರು ವರ್ಷ. ಅಲ್ಲಿಂದ ಅದು ಸರಿಯಾಗಿ ನಡೆದಿಲ್ಲ. ಭಾನುವಾರ ಕೀ ಕೊಟ್ಟರೆ ಶುಕ್ರವಾರದ ಹೊತ್ತಿಗೆ ನಿಂತುಬಿಡುತ್ತೆ. ಅಜ್ಜ ಹೋಗಿದ್ದೂ ಶುಕ್ರವಾರ. "ಅವರ ಜೊತೆಗೇ ಹೋಯ್ತು ಅದು" ಅಂತ ಅಜ್ಜಿ ಕೀ ಕೊಡುವುದನ್ನೇ ನಿಲ್ಲಿಸಿದ್ದಳು.

ನಿಂತ ಗಡಿಯಾರ ಮನೆಯಲ್ಲಿ ಇರಬಾರದು, ಮಾರಿಬಿಡೋಣ ಅಂತ ಚಿಕ್ಕಪ್ಪನ ಹಟ. ಹಳೇ ಸಾಮಾನು ಮಾರುವವರೊಬ್ಬರಿಗೆ ಫೋಟೋ ಕಳಿಸಿದೆ. "ಯಂತ್ರ ಒಂದು ಗಡಿಯಾರದ್ದು, ಪೆಟ್ಟಿಗೆ ಇನ್ನೊಂದರದ್ದು. ಇದಕ್ಕೆ ನಮ್ಮ ಕಸುಬಲ್ಲಿ ಮದುವೆ ಅಂತೀವಿ. ಬೆಲೆ ಅಷ್ಟಕ್ಕಷ್ಟೇ" ಅಂದರು. ಅಜ್ಜಿಗೆ ಹೇಳಿದರೆ, "ಮದ್ವೆ ಆಗಿ ಇಷ್ಟು ವರ್ಷ ಸಂಸಾರ ಮಾಡಿದ್ದು ಲೆಕ್ಕಕ್ಕಿಲ್ವೇನೋ?" ಅನ್ನಬೇಕೇ!

ಇಂಥ ಗಡಿಯಾರಕ್ಕೆ 'ಗ್ರಾಂಡ್‌ಫಾದರ್ ಕ್ಲಾಕ್' ಅನ್ನೋ ಹೆಸರು ಬಂದಿದ್ದು 1876ರಲ್ಲಿ ಅಮೆರಿಕದ ಹೆನ್ರಿ ಕ್ಲೇ ವರ್ಕ್ ಬರೆದ ಹಾಡಿನಿಂದ. ಅದರಲ್ಲೂ ಅಜ್ಜ ಸತ್ತಾಗ ಗಡಿಯಾರ ನಿಂತುಬಿಡುತ್ತೆ. ಆದರೆ ಪ್ರತಿ ವಾರ ಒಂದೇ ದಿನ ಬರುವ ಬಗ್ ನೋಡಿದರೆ ನಮ್ಮಂಥವರಿಗೆ ಅನುಮಾನ ಬರಲೇಬೇಕಲ್ಲ? ಭಾನುವಾರ ಕೀ ಕೊಟ್ಟು ಕಾದೆ.

ಈ ಗಡಿಯಾರದ ಪೆಂಡುಲಮ್ ಸುಮಾರು ಒಂದು ಮೀಟರ್ ಉದ್ದ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಲು ಸರಿಯಾಗಿ ಒಂದು ಸೆಕೆಂಡು. ಭಾರಗಳು ಎಂಟು ದಿನದಲ್ಲಿ ನಿಧಾನಕ್ಕೆ ಕೆಳಗಿಳಿಯುತ್ತವೆ. ಐದನೇ ದಿನದ ಹೊತ್ತಿಗೆ ಅವು ಪೆಂಡುಲಮ್ಮಿನ ಗುಂಡಿನ ಮಟ್ಟಕ್ಕೆ ಬಂದವು. ಆಗ ಎರಡರ ತೂಗಾಟದ ಲಯವೂ ಒಂದೇ. ಪೆಟ್ಟಿಗೆ ಸ್ವಲ್ಪ ಅಲ್ಲಾಡಿದರೂ ಭಾರಗಳು ತಾವೇ ತೂಗತೊಡಗಿ ಪೆಂಡುಲಮ್ಮಿನ ಶಕ್ತಿ ಕದಿಯುತ್ತವೆ. ನನ್ನ ಕಣ್ಣೆದುರೇ ತಕ್ಕಡಿ ಕಲ್ಲು ತೂಗಿತು, ಪೆಂಡುಲಮ್ ಸೋತು ನಿಂತಿತು. ಅದಕ್ಕೇ ಇವನ್ನು ಗೋಡೆಗೆ ಬಿಗಿಯಬೇಕು.

ಹಲಸಿನ ಹಲಗೆಯಲ್ಲಿ ತೂತು ಇತ್ತು, ಸ್ಕ್ರೂ ಇರಲಿಲ್ಲ. ಆಮೇಲೆ ಅಪ್ಪನಿಗೆ ನೆನಪಾಯಿತು. ಅಜ್ಜನ ಹದಿಮೂರನೇ ದಿನ ಊಟದ ಪಂಕ್ತಿಗೆ ಜಾಗ ಸಾಲದೆ ಅದನ್ನು ಬಿಚ್ಚಿ ಸರಿಸಿದ್ದರು. ಮತ್ತೆ ಬಿಗಿಯಲೇ ಇಲ್ಲ.

ಬಗ್ ಸಿಕ್ಕ ಖುಷಿ ಐದು ನಿಮಿಷವೂ ಉಳಿಯಲಿಲ್ಲ. ಇದನ್ನು ಅಜ್ಜಿಗೆ ಹೇಗೆ ಹೇಳಲಿ? ಮೂರು ವರ್ಷ ಅವಳು ನಂಬಿಕೊಂಡು ಬಂದಿದ್ದನ್ನು ಒಂದು ಸ್ಕ್ರೂ ತೋರಿಸಿ ಸುಳ್ಳು ಮಾಡೋದಾ? ಒಂದು ರಾತ್ರಿ ಸುಮ್ಮನಿದ್ದೆ. ಬೆಳಿಗ್ಗೆ ಅಡಿಕೆ ಕತ್ತರಿಸುತ್ತಾ ಕೂತಿದ್ದ ಅವಳ ಹತ್ತಿರ ಎಲ್ಲಾ ಹೇಳಿದೆ. ಅಡಕತ್ತರಿ ನಿಂತಿತು. ತುಂಬಾ ಹೊತ್ತು ಮಾತಿಲ್ಲ. ಆಮೇಲೆ, "ಗಟ್ಟಿಯಾಗಿ ಬಿಗಿ ಮಾರಾಯ. ಗಡಿಯಾರ ನಿಂತ್ರೆ ಅವರಿಗೆ ಆಗ್ತಿರ್ಲಿಲ್ಲ" ಅಂದಳು.

ಶನಿವಾರ ಬಿಗಿದೆ, ಭಾನುವಾರ ಅಜ್ಜಿಯೇ ಕೀ ಕೊಟ್ಟಳು. ನಾನು ಬೆಂಗಳೂರಿನ ಬಸ್ಸು ಹತ್ತಿದೆ. ಮುಂದಿನ ಶುಕ್ರವಾರ ರಾತ್ರಿ ಹೆದರುತ್ತಲೇ ಫೋನ್ ಮಾಡಿದೆ. ಅಜ್ಜಿ ಏನೂ ಮಾತಾಡಲಿಲ್ಲ, ಮೊಬೈಲನ್ನು ಗಡಿಯಾರದ ಹತ್ತಿರ ಹಿಡಿದಳು.

ಟಕ್... ಟಕ್... ಟಕ್...

ಚಿಕ್ಕಪ್ಪ ಸದ್ಯಕ್ಕೆ ಮಾರುವ ಮಾತೆತ್ತಿಲ್ಲ. ನಿಮ್ಮ ಮನೆಯಲ್ಲೂ ಇಂಥದ್ದೊಂದು ನಿಂತಿದ್ದರೆ, ಒಮ್ಮೆ ಗೋಡೆಯ ಕಡೆ ನೋಡಿ. ಸಿಕ್ಕಿದ್ದನ್ನು ಇಲ್ಲೂ ಹೇಳಿ.